ಸ್ಯಾನ್ ಮರೀನೊಗೆ ಜನ ಕಮ್ಮಿ, ಓಟು ಕಮ್ಮಿಯಲ್ಲ

ಸ್ಪರ್ಧೆಗಳಿಗೆ ಅಂಕದ ನಿಯಮ ಬರೆದುಕೊಡುವುದು ನನ್ನ ಕಸುಬು. ಹಾಡು, ನಾಟಕ, ಸಂಘದ ಚುನಾವಣೆ, ಯಾವುದಾದರೂ ಸರಿ. ಕರೆಸಿದ ಆಯೋಜಕರೆಲ್ಲ ಹೇಳುವುದು ಒಂದೇ ಮಾತು: "ಇಷ್ಟೆಲ್ಲ ಯಾಕೆ ಸಾರ್? ಎಲ್ಲಾ ಕೂಡಿಸಿಬಿಡಿ, ಯಾರಿಗೆ ಜಾಸ್ತಿ ಬಿತ್ತೋ ಅವ್ರು ಗೆದ್ರು." ಹೊರಗಿನವರು ಬಿಡಿ, ಮನೆಯಲ್ಲೂ ಇದೇ ರಾಗ.

2025ರ ಮೇ 17, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೂರೋವಿಷನ್ ಫೈನಲ್. ಅದು ಬಹುಪಾಲು ಯೂರೋಪಿನ ದೇಶಗಳು ದೇಶಕ್ಕೊಂದು ಹಾಡು ಕಳಿಸುವ ಸ್ಪರ್ಧೆ. ನಮ್ಮ ಗಡಿಯಾರದಲ್ಲಿ ಶುರುವಾಗುವಾಗಲೇ ಮಧ್ಯರಾತ್ರಿ ಹನ್ನೆರಡೂವರೆ. ಅಕ್ಕನ ಮಗಳು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು, ಜೊತೆಗೆ ನಾನೂ. ಫೈನಲ್‌ನ 26 ದೇಶಗಳಲ್ಲಿ, ಸುತ್ತಲೂ ಇಟಲಿಯೇ ಇರುವ ಪುಟ್ಟ ದೇಶ ಸ್ಯಾನ್ ಮರೀನೊ ಕೊನೆಗೆ ನಿಂತಿತು. "ಪಾಪ ಮಾಮ, ಇರೋದೇ ಮೂವತ್ನಾಲ್ಕು ಸಾವಿರ ಜನ. ಓಟು ಹಾಕೋಕೆ ಯಾರಿದ್ದಾರೆ?"

ನನಗೆ ನಿದ್ದೆ ಹಾರಿಹೋಯಿತು.

ಮೊದಲನೆಯದು, ಅಲ್ಲಿ ತನ್ನ ದೇಶಕ್ಕೆ ತಾನೇ ಓಟು ಹಾಕುವಂತಿಲ್ಲ. ಸ್ಯಾನ್ ಮರೀನೊದಲ್ಲಿ ಹತ್ತು ಕೋಟಿ ಜನ ಇದ್ದಿದ್ದರೂ ಅದಕ್ಕೆ ಒಂದಂಕ ಹೆಚ್ಚು ಬರುತ್ತಿರಲಿಲ್ಲ. ಅಂಕ ಬರಬೇಕಾದದ್ದು ಫೈನಲ್ ತಲುಪದವೂ ಸೇರಿ ಉಳಿದ 36 ದೇಶಗಳಿಂದ, ಜೊತೆಗೆ ಸ್ಪರ್ಧೆಯ ಹೊರಗಿನವರಿಂದ.

ಎರಡನೆಯದನ್ನು ನಿಧಾನವಾಗಿ ಓದಿ, ಎಲ್ಲರೂ ಎಡವುವುದು ಇಲ್ಲೇ. ಓಟುಗಳನ್ನು ಅಲ್ಲಿ ಕೂಡಿಸುವುದೇ ಇಲ್ಲ. ಪ್ರತಿ ದೇಶದ ಓಟನ್ನೂ ಆ ದೇಶದೊಳಗೇ ಎಣಿಸಿ, ಮೊದಲು ಬಂದ ಹಾಡಿಗೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ 1ರವರೆಗೆ ಅಂಕ ಕೊಡುತ್ತಾರೆ. ಒಟ್ಟು 58. ಉದಾಹರಣೆಗೆ ಅಂತಿಟ್ಟುಕೊಳ್ಳಿ: ಜರ್ಮನಿಯಲ್ಲಿ ಒಂದು ಹಾಡಿಗೆ ಎರಡು ಲಕ್ಷ ಓಟು ಬಿದ್ದು ಮೊದಲು ಬಂತು, ಐಸ್‌ಲೆಂಡ್‌ನಲ್ಲಿ ಇನ್ನೊಂದಕ್ಕೆ ಎರಡು ಸಾವಿರ ಬಿದ್ದು ಮೊದಲು ಬಂತು. ಎರಡಕ್ಕೂ 12. ಆ ಎರಡು ಲಕ್ಷ ಅಲ್ಲಿಗೇ ಸತ್ತಿತು, ಮುಂದಿನ ಲೆಕ್ಕಕ್ಕೆ ಬರುವುದಿಲ್ಲ. ಅಪಾರ್ಟ್‌ಮೆಂಟ್ ಸಂಘದಲ್ಲಿ ಮನೆಗೊಂದು ಓಟು ಇರುವುದಿಲ್ಲವೇ? ಮನೆಯೊಳಗೆ ಇಬ್ಬರೋ ಹನ್ನೆರಡು ಜನವೋ, ಹೊರಗೆ ಬರುವ ಚೀಟಿ ಒಂದೇ. ಇಷ್ಟು ಹೇಳಿದ ಮೇಲೂ "ಆದ್ರೂ ಜರ್ಮನಿಯಲ್ಲಿ ಜನ ಜಾಸ್ತಿ ಅಲ್ವಾ ಸಾರ್" ಅನ್ನುವವರಿದ್ದಾರೆ. ಅವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ.

ಪ್ರತಿ ದೇಶದಲ್ಲೂ ಜನರ ಓಟಿಗೆ 58, ಆ ದೇಶದ ತೀರ್ಪುಗಾರರ ತಂಡಕ್ಕೆ ಬೇರೆ 58. 2025ರಲ್ಲಿ ತಂಡವೊಂದರಲ್ಲಿ ಇದ್ದದ್ದು ಐದೇ ಜನ. ಎಂಟು ಕೋಟಿ ದಾಟಿದ ಜರ್ಮನಿ ಹಂಚಿದ್ದೂ 116, ಸ್ಯಾನ್ ಮರೀನೊ ಹಂಚಿದ್ದೂ 116. ನಿಯಮಗಳನ್ನು ಆಗಾಗ ತಿದ್ದುತ್ತಿರುತ್ತಾರೆ, ಹಾಗಾಗಿ ನಾನು ಹೇಳುತ್ತಿರುವುದು ಆ ವರ್ಷದ ಫೈನಲ್ ಲೆಕ್ಕ ಮಾತ್ರ.

ತೂಕ ಸಮ ಅಂದ ಮಾತ್ರಕ್ಕೆ ಎಲ್ಲ ನೆಟ್ಟಗಿದೆ ಅಂತ ನನ್ನ ಬಾಯಿಂದ ಹೇಳಿಸಬೇಡಿ. ಸ್ಯಾನ್ ಮರೀನೊದ ಫೋನುಗಳು ಇಟಲಿಯ ಜಾಲದಲ್ಲೇ ಸೇರಿಕೊಂಡಿವೆ, ಅಲ್ಲಿನ ಕರೆಗಳನ್ನು ಬೇರ್ಪಡಿಸಲಾಗುವುದಿಲ್ಲ. ಹಾಗಾಗಿ ಹಿಂದೆಲ್ಲ ಅದರ ಅಂಕ ಪೂರ್ತಿ ತೀರ್ಪುಗಾರರದ್ದೇ ಆಗಿತ್ತು. 2016ರಿಂದ ಬೇರೆ ಕೆಲವು ದೇಶಗಳ ಫಲಿತಾಂಶ ಸೇರಿಸಿ ಅದರ 'ಜನರ ಓಟು' ತಯಾರಿಸುತ್ತಾರೆ. ಅಂದರೆ ಸ್ಯಾನ್ ಮರೀನೊದ ಜನರ ಓಟಿನಲ್ಲಿ ಸ್ಯಾನ್ ಮರೀನೊದ ಜನರೇ ಇಲ್ಲ! ಇಂಥ ನಿಯಮ ನಾನು ಬರೆದುಕೊಟ್ಟಿದ್ದರೆ ನಮ್ಮೂರ ಆಯೋಜಕರು ಫೀಸು ಕೊಡುತ್ತಿರಲಿಲ್ಲ.

ಹಾಗಾದರೆ ಪುಟ್ಟ ದೇಶಕ್ಕೆ ಕಷ್ಟ ಎಲ್ಲಿ? ದುಡ್ಡಿನಲ್ಲಿ, ಹಾಡುಗಾರರಲ್ಲಿ. 2008ರಲ್ಲಿ ಮೊದಲ ಸಲ ಬಂದ ಸ್ಯಾನ್ ಮರೀನೊ ಮುಂದಿನ ಎರಡು ವರ್ಷ ಹಣ ಹೊಂದದೆ ಮನೆಯಲ್ಲೇ ಉಳಿಯಿತು. ಆಮೇಲೆ ವಾಲೆಂಟೀನಾ ಮೊನೆಟ್ಟಾ ಎಂಬ ಊರ ಮಗಳನ್ನೇ 2012, 13, 14 ಮೂರೂ ವರ್ಷ ಕಳಿಸಿದರು. ಮೊದಲ ವರ್ಷದ ಹಾಡಿನಲ್ಲಿ ಫೇಸ್‌ಬುಕ್ ಹೆಸರಿತ್ತು, ಕಂಪನಿ ಹೆಸರು ಕೂಡದು ಎಂದು ಸಾಹಿತ್ಯ ಬದಲಿಸಬೇಕಾಯಿತು. ಮೂರನೇ ಸಲ ಫೈನಲ್ ತಲುಪಿದಳು, ದೇಶಕ್ಕೇ ಅದು ಮೊದಲ ಫೈನಲ್. ಆ ಹೆಣ್ಣುಮಗಳ ಹಟ ನನಗೆ ಬಹಳ ಇಷ್ಟ. 2019ರಲ್ಲಿ ಫೈನಲ್‌ಗೆ ಒಯ್ದವನು ತುರ್ಕಿಯ ಸೆರ್ಹತ್, ಓದಿದ್ದು ದಂತವೈದ್ಯ. 2025ರಲ್ಲಿ ಹೋದವನು ಇಟಲಿಯ ಡಿಜೆ ಗಾಬ್ರಿ ಪೊಂಟೆ, ಹಾಡಿನ ಹೆಸರೇ 'ಇಡೀ ಇಟಲಿ'. ಆ ವರ್ಷ ಸೆಮಿಫೈನಲ್‌ನಲ್ಲಿ ತೀರ್ಪುಗಾರರ ಅಂಕವೇ ಇರಲಿಲ್ಲ, ಅವನನ್ನು ದಾಟಿಸಿದ್ದು ಜನರ ಓಟು.

ಹೊರಗಿನವರನ್ನು ಕರೆತಂದರು ಎಂದು ಮೂಗು ಮುರಿಯುವವರು ಲಕ್ಸಂಬರ್ಗ್ ಕಡೆ ನೋಡಬೇಕು. ಐದು ಸಲ ಗೆದ್ದಿದೆ, ಗೆಲ್ಲಿಸಿದ ಐವರಲ್ಲಿ ಒಬ್ಬರೂ ಆ ದೇಶದವರಲ್ಲ. ಸುಮಾರು 14 ಲಕ್ಷ ಜನರ ಎಸ್ಟೋನಿಯಾ 2001ರಲ್ಲಿ ಗೆದ್ದಿತು. ಮಾಲ್ಟಾ 2002 ಮತ್ತು 2005ರಲ್ಲಿ ಎರಡನೇ ಸ್ಥಾನಕ್ಕೆ ಬಂದು ನಿಂತಿತು, ಇಷ್ಟು ವರ್ಷದ ಪ್ರಯತ್ನದಲ್ಲಿ ಕಪ್ ಮಾತ್ರ ಕೈಗೆ ಬಂದಿಲ್ಲ.

ಒಮ್ಮೆ ಒಂದು ಜಿಲ್ಲೆಯ ಭಾವಗೀತೆ ಸ್ಪರ್ಧೆಗೆ ಇದೇ ಪದ್ಧತಿ ಬರೆದುಕೊಟ್ಟಿದ್ದೆ, ತಾಲೂಕಿಗೊಂದು ಪಟ್ಟಿ, ಸ್ವಂತ ತಾಲೂಕಿಗೆ ಓಟಿಲ್ಲ. ವರ್ಷವರ್ಷವೂ ಜಿಲ್ಲಾ ಕೇಂದ್ರದವರೇ ಗೆಲ್ಲುತ್ತಿದ್ದಾರೆ ಎಂದು ದೂರು ಹೇಳಿಕೊಂಡು ಬಂದವರು ಆ ಆಯೋಜಕರೇ. ಕಾರ್ಯದರ್ಶಿಗಳು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. "ಚೆನ್ನಾಗಿದೆ ಸಾರ್. ಆದ್ರೆ ನಮ್ಮ ಹುಡುಗಿಗೆ ನಾವೇ ಹಾಕಂಗಿಲ್ಲ ಅಂದ್ರೆ ಓಟು ಹಾಕೋಕೆ ಬರೋರು ಯಾರು?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಅಷ್ಟು ಗಟ್ಟಿ ಉತ್ತರವಿಲ್ಲ.

ಇನ್ನು ಅಕ್ಕನ ಮಗಳ ಓಟು. 2023ರಿಂದ ಸ್ಪರ್ಧೆಯಲ್ಲಿಲ್ಲದ ದೇಶದವರೂ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಓಟು ಹಾಕಬಹುದು. ಅವೆಲ್ಲ ಸೇರಿ ಒಂದೇ ದೇಶದ ಲೆಕ್ಕ, ತೀರ್ಪುಗಾರರ ತಂಡ ಇಲ್ಲ, ಹಾಗಾಗಿ ಬರೀ 58. ನಮ್ಮ 140 ಕೋಟಿ, ಜೊತೆಗೆ ಚೀನಾ, ಅಮೆರಿಕ, ಬ್ರೆಜಿಲ್, ಇಡೀ ಗುಂಪಿನ ತೂಕ ಸ್ಯಾನ್ ಮರೀನೊದ ಅರ್ಧ.

ಕೇಳಿ ಅವಳ ಮುಖ ಇಳಿಯಿತು. "ಹಾಗಾದ್ರೆ ನನ್ನ ಓಟಿಗೆ ಬೆಲೆನೇ ಇಲ್ವಾ ಮಾಮ?"

"ಇದೆಯಲ್ಲಾ, ನಿಮ್ಮಪ್ಪನ ಕಾರ್ಡಿನ ಬಿಲ್ಲು ಬರಲಿ, ತಾಳು" ಅಂದು ಮಲಗಲು ಹೋದೆ.