ಕೆಂಪು ಪ್ರೋಬ್ ಸರಿ, ಕಪ್ಪು ಎಲ್ಲಿದೆ?

ಪೀಣ್ಯದ ನಮ್ಮ ಸಣ್ಣ ಲ್ಯಾಬಿಗೆ ಬರುವ ಇಂಟರ್ನ್‌ಗಳಲ್ಲಿ ಯಾರಾದರೊಬ್ಬರು ಮೊದಲ ವಾರದಲ್ಲೇ "ಸರ್, ಸಾಫ್ಟ್‌ವೇರ್ ತಪ್ಪು ತೋರಿಸ್ತಿದೆ" ಅನ್ನುತ್ತಾರೆ. ಈ ಸಲ ಹಾಗೆ ಹೇಳಿದ ಹುಡುಗಿ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಎಲ್‌ಟಿಸ್ಪೈಸ್ ಸಾಫ್ಟ್‌ವೇರ್‌ನಲ್ಲಿ ಬ್ರಿಜ್ ರೆಕ್ಟಿಫೈಯರ್, ಅಂದರೆ ನಾಲ್ಕು ಡಯೋಡ್‌ಗಳಿಂದ ಎಸಿಯನ್ನು ಡಿಸಿ ಮಾಡುವ ಸರ್ಕ್ಯೂಟ್ ಬರೆದಿದ್ದಳು. ಕೆಪಾಸಿಟರ್ ಇನ್ನೂ ಇರಲಿಲ್ಲ, ಲೋಡ್‌ಗೆ ಒಂದು ರೆಸಿಸ್ಟರ್ ಅಷ್ಟೇ. ಎಸಿ ಕಡೆಯ ಒಂದು ತಂತಿ ಮೇಲೆ ಕ್ಲಿಕ್ ಮಾಡಿದರೆ ಪೂರ್ತಿ ಸೈನ್ ಅಲೆ ಬರಬೇಕು ಅಲ್ವಾ? ಬಂದದ್ದು ಅರ್ಧ ಅಲೆ. ಕೆಳಭಾಗ ಮೈನಸ್ 0.7 ವೋಲ್ಟ್‌ನಲ್ಲಿ ಚಪ್ಪಟೆ.

ಮಲ್ಟಿಮೀಟರ್‌ಗೆ ಎರಡು ಪ್ರೋಬ್. ಇಲ್ಲಿ ಕ್ಲಿಕ್ ಒಂದೇ. ಕಪ್ಪು ಪ್ರೋಬನ್ನು ಸಾಫ್ಟ್‌ವೇರ್ ನಮ್ಮನ್ನು ಕೇಳದೆ ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟ್ ಎಂದು ಹಿಡಿದ ನೋಡ್ 0ಗೆ ಇಟ್ಟಿರುತ್ತದೆ. ಅವಳ ಗ್ರೌಂಡ್ ಇದ್ದದ್ದು ಡಿಸಿ ಮೈನಸ್‌ನಲ್ಲಿ. ನೆಗೆಟಿವ್ ಅರ್ಧದಲ್ಲಿ ಒಂದು ಡಯೋಡ್ ಆ ತಂತಿಯನ್ನು ಗ್ರೌಂಡ್‌ಗೆ ಕಟ್ಟಿಹಾಕುತ್ತದೆ. ಕರೆಂಟ್ ಹರಿಯುವಾಗ ಡಯೋಡ್ ತಿನ್ನುವ ವೋಲ್ಟೇಜ್, ಅಂದರೆ ಅದರ ಡ್ರಾಪ್ಪೇ ಆ 0.7. ಒಂದು ತಂತಿ ಮೇಲೆ ಮೌಸ್ ಒತ್ತಿ ಹಿಡಿದು ಇನ್ನೊಂದರವರೆಗೆ ಎಳೆದು ಬಿಡು ಎಂದೆ. ಪೂರ್ತಿ ಅಲೆ ಬಂತು.

ಎಳೆಯುವ ಬದಲು ಎಸಿ ತಂತಿಗೂ ಒಂದು ಗ್ರೌಂಡ್ ಇಡುವವರಿದ್ದಾರೆ. ಬೇಡ. ಒಂದು ಡಯೋಡ್ ಶಾರ್ಟ್ ಆಗುತ್ತದೆ, ಇನ್ನೊಂದು ನೇರ ಸೋರ್ಸ್‌ಗೆ ಅಡ್ಡ ಬೀಳುತ್ತದೆ. ಸ್ಕ್ರೀನ್ ಮೇಲೆ ಕರೆಂಟ್ ವಿಪರೀತ ಏರುತ್ತದೆ, ಅಷ್ಟೇ. ಬೋರ್ಡ್ ಮೇಲೆ ಹೊಗೆ. ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪಿನ ಎರಡು ಚಾನೆಲ್‌ಗಳ ಗ್ರೌಂಡ್ ಕ್ಲಿಪ್ ಒಳಗೆ ಒಂದೇ ಅನ್ನುವುದನ್ನು ಮರೆತು ನಾನೂ ಡಯೋಡ್ ಸುಟ್ಟು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಓಡಿದ್ದೇನೆ.

ಮಾರನೇ ದಿನ ಕೆಪಾಸಿಟರ್ ಹಾಕಿದಳು. ಡಿಸಿ ಸಿಮ್ಯುಲೇಶನ್‌ನಲ್ಲಿ 10.6 ವೋಲ್ಟ್, ಬೋರ್ಡ್ ಮೇಲೆ 15 ದಾಟಿತ್ತು. ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ 12 ವೋಲ್ಟ್ ಆರ್‌ಎಂಎಸ್, ಅಂದರೆ ಅಲೆಯ ಒಂದು ಬಗೆಯ ಸರಾಸರಿ; ಅವಳು ಅದನ್ನೇ ಕೊಟ್ಟಿದ್ದಳು. ಸೈನ್ ಸೋರ್ಸ್ ಕೇಳುವುದು ಪೀಕ್, ಅಂದರೆ ಅಲೆಯ ತುದಿ. 12ನ್ನು 1.414ರಿಂದ ಗುಣಿಸಿ 17 ಕೊಡಬೇಕಿತ್ತು. ಹಾಗೇ ನಮ್ಮ ಮನೆಯ 230ಕ್ಕೆ 325.

ಕೊನೆಯ ತಕರಾರಿನಲ್ಲಿ ಮಾತ್ರ ಅವಳ ತಪ್ಪಿರಲಿಲ್ಲ. 5 ವೋಲ್ಟ್‌ಗೆ ಒಂದರ ಹಿಂದೊಂದು 1 ಮೆಗಾ ಓಮ್‌ನ ಎರಡು ರೆಸಿಸ್ಟರ್, ಅವೆರಡು ಸೇರುವಲ್ಲಿ 2.5 ಬರಬೇಕು. ಸಿಮ್ಯುಲೇಶನ್‌ನಲ್ಲಿ ಬಂತು, ಮಲ್ಟಿಮೀಟರ್ 2.38 ತೋರಿಸಿತು. ಸಿಮ್ಯುಲೇಟರ್‌ನ ಪ್ರೋಬ್ ಸುಮ್ನೆ ನೋಡುತ್ತದೆ, ಕರೆಂಟ್ ಎಳೆಯುವುದಿಲ್ಲ. ಮೀಟರ್ ತಾನೇ ಒಂದು 10 ಮೆಗಾ ಓಮ್ ರೆಸಿಸ್ಟರ್ ಇದ್ದ ಹಾಗೆ. ಅದನ್ನೂ ಕೆಳಗಿನ ರೆಸಿಸ್ಟರ್‌ಗೆ ಪ್ಯಾರಲಲ್ ಆಗಿ ಬರೆದು ರನ್ ಮಾಡಿದಳು. 2.38.