ಇಂಟರ್‌ಫೇಸ್‌ಗೆ ಬಾಡಿ ಬಂದ ಕಥೆ

ಮಂಗಳೂರಿನಲ್ಲಿ ಓದುವಾಗ ಜಾವಾ ಪ್ರೋಗ್ರಾಮಿಂಗ್ ಭಾಷೆಯ ವೈವಾದಲ್ಲಿ ನನಗೆ ಬಿದ್ದ ಮೊದಲ ಪ್ರಶ್ನೆ: ಇಂಟರ್‌ಫೇಸ್ ಅಂದರೇನು? "ಬಾಡಿ ಇಲ್ಲದ ಮೆಥಡ್‌ಗಳ ಪಟ್ಟಿ ಸರ್" ಅಂದೆ. (ಮೆಥಡ್ ಅಂದರೆ ಹೆಸರಿಟ್ಟ ಒಂದು ಕೆಲಸ, ಬಾಡಿ ಅಂದರೆ ಆ ಕೆಲಸ ಮಾಡುವ ಕೋಡ್.) ಮಾರ್ಕು ಸಿಕ್ಕಿತು. ಇವತ್ತು ಆ ಉತ್ತರ ಅರ್ಧ ತಪ್ಪು.

ಮೊದಲು ನಮ್ಮೂರಿನ ಹಂಚಿನ ಮಾಡು ನೋಡಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮಣ್ಣು ಎಲ್ಲಿಯದು, ಹೇಗೆ ಸುಟ್ಟರು ಅಂತ ಮಾಡು ಕಟ್ಟುವ ಆಚಾರಿ ಕೇಳುವುದಿಲ್ಲ. ರೀಪಿನ ಅಂತರ ಎಷ್ಟಿರಬೇಕು, ಒಂದು ಹಂಚಿನ ಅಂಚು ಇನ್ನೊಂದರ ಮೇಲೆ ಸರಿಯಾಗಿ ಕೂರುತ್ತದಾ, ಅವರಿಗೆ ಅಷ್ಟು ಗೊತ್ತಾದರೆ ಸಾಕು. ಇಂಟರ್‌ಫೇಸ್ ಕೂಡ ಹಾಗೇ, ಕೂಡುವ ಜಾಗದ ಒಪ್ಪಂದ.

ಮಾಡ್ಯೂಲ್‌ನ, ಅಂದರೆ ಪ್ರೋಗ್ರಾಮಿನ ಒಂದು ಭಾಗದ, ಒಳಗಿನದನ್ನು ಹೊರಗಿನವರಿಗೆ ತೋರಿಸಬೇಡಿ ಅಂತ 1972ರಲ್ಲೇ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ ವಾದಿಸಿದ್ದರು. ಆದರೆ ಜಗಳ ಬಂದದ್ದು ಇನ್‌ಹೆರಿಟೆನ್ಸ್‌ನಲ್ಲಿ, ಅಂದರೆ ಒಂದು ಕ್ಲಾಸ್ (ಡೇಟಾ ಮತ್ತು ಮೆಥಡ್‌ಗಳನ್ನು ಸೇರಿಸಿಟ್ಟ ಅಚ್ಚು) ತನ್ನ ಪೇರೆಂಟ್ ಕ್ಲಾಸ್‌ನಿಂದ ಅವನ್ನು ಪಡೆಯುವುದರಲ್ಲಿ. 1989ರ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಒಂದು ಕ್ಲಾಸ್‌ಗೆ ಇಬ್ಬರು ಪೇರೆಂಟ್ ಇರಬಹುದಾಯಿತು. ಇಬ್ಬರಲ್ಲೂ ಒಂದೇ ಹೆಸರಿನ ಮೆಥಡ್ ಇದ್ದರೆ ಯಾವುದು ಓಡಬೇಕು? ಇಬ್ಬರಿಗೂ ಮೂಲ ಕ್ಲಾಸ್ ಒಂದೇ ಆಗಿದ್ದರೆ ಅದರ ಡೇಟಾ ಎರಡೆರಡು ಸಲ ಬರಬೇಕಾ?

ಜಾವಾ ಕಟ್ಟಿದ ಜೇಮ್ಸ್ ಗೋಸ್ಲಿಂಗ್ ತಂಡ ಈ ರಗಳೆಯೇ ಬೇಡ ಅಂದಿತು. ಪೇರೆಂಟ್ ಕ್ಲಾಸ್ ಒಂದೇ, ಇಂಟರ್‌ಫೇಸ್ ಮಾತ್ರ ಎಷ್ಟು ಬೇಕಾದರೂ. (ಅಳಿಯಕಟ್ಟಿನ ಊರಿನವರಿಗೆ ಆಸ್ತಿ ಒಂದೇ ಕಡೆಯಿಂದ, ತಾಯಿಯ ಕಡೆಯಿಂದ, ಬರುವುದು ಹೊಸದಲ್ಲ, ಅಲ್ವಾ?) ಆಬ್ಜೆಕ್ಟಿವ್ ಸಿ ಭಾಷೆಯ ಪ್ರೋಟೋಕಾಲ್‌ನಿಂದ ತಂದ ಐಡಿಯಾ ಇದು. 1996ರ ಮೊದಲ ಜಾವಾದಲ್ಲಿ ಇಂಟರ್‌ಫೇಸ್‌ಗೆ ಬಾಡಿಯೇ ಇರಲಿಲ್ಲ. ಬಾಡಿ ಇಲ್ಲದ ಮೇಲೆ ಜಗಳ ಎಲ್ಲಿಂದ?

ತೊಂದರೆ ಕಂಡದ್ದು 2014ರಲ್ಲಿ, ಜಾವಾ 8 ಬರುವಾಗ. ಪಟ್ಟಿಗಳಂಥವನ್ನು ನಿಭಾಯಿಸುವ ಹಳೇ ಕಲೆಕ್ಷನ್ ಇಂಟರ್‌ಫೇಸ್‌ಗೆ 'ಸ್ಟ್ರೀಮ್' ಅನ್ನುವ ಮೆಥಡ್ ಸೇರಿಸಬೇಕಿತ್ತು. ಸುಮ್ನೆ ಸೇರಿಸಿದರೆ, 1998ರಿಂದ ಆ ಇಂಟರ್‌ಫೇಸ್ ನಂಬಿ ಜನ ಬರೆದ ಕ್ಲಾಸ್‌ಗಳಲ್ಲಿ ಅದರ ಬಾಡಿ ಇಲ್ಲದ್ದರಿಂದ ಅವು ಮತ್ತೆ ಕಂಪೈಲ್ (ಕೋಡನ್ನು ಓಡಿಸಬಹುದಾದ ರೂಪಕ್ಕೆ ತರುವುದು) ಆಗುತ್ತಿರಲಿಲ್ಲ. ನಾಳೆಯಿಂದ ಪ್ರತಿ ಹಂಚಿಗೂ ಇನ್ನೊಂದು ಕಚ್ಚು ಬೇಕು ಅಂದರೆ ಹಳೇ ಮಾಡುಗಳ ಗತಿ ಏನು? ಅದಕ್ಕೇ 'ಡಿಫಾಲ್ಟ್ ಮೆಥಡ್' ಬಂತು. ನೀವು ಬರೆಯದಿದ್ದರೆ ಇಂಟರ್‌ಫೇಸ್‌ನ ಬಾಡಿಯೇ ಓಡುತ್ತದೆ.

ಜೊತೆಗೆ ಹಳೇ ಜಗಳವೂ ವಾಪಸ್ ಬಂತು. ಸಂಬಂಧವಿಲ್ಲದ ಎರಡು ಇಂಟರ್‌ಫೇಸ್‌ಗಳು ಒಂದೇ ಹೆಸರಿನ ಡಿಫಾಲ್ಟ್ ಕೊಟ್ಟರೆ ಕಂಪೈಲರ್ ಕೈ ಚೆಲ್ಲುತ್ತದೆ, ಯಾವುದು ಬೇಕು ಅಂತ ನೀವೇ ಬರೆಯಬೇಕು. ಆದರೆ ಡೇಟಾದ ರಗಳೆ ಮಾತ್ರ ಬರಲಿಲ್ಲ. ಆಬ್ಜೆಕ್ಟ್‌ನ (ಕ್ಲಾಸ್‌ನ ಅಚ್ಚಿನಿಂದ ತಯಾರಾದ ಒಂದೊಂದರ) ಸ್ವಂತ ಡೇಟಾ ಇಡಲು ಇಂಟರ್‌ಫೇಸ್‌ನಲ್ಲಿ ಈಗಲೂ ಜಾಗವಿಲ್ಲ. ಅದು ಬೇಕಿದ್ದರೆ ಅಬ್‌ಸ್ಟ್ರಾಕ್ಟ್ ಕ್ಲಾಸೇ (ಕೆಲವು ಮೆಥಡ್‌ಗಳಿಗೆ ಬಾಡಿ ಕೊಡದೆ ಬಿಡಬಹುದಾದ ಕ್ಲಾಸ್) ಗತಿ.