ಗೊತ್ತಿದ್ದೂ ಎಂಬತ್ತು ವರ್ಷ ಮೂಲೆ ಸೇರಿದ್ದ ಗಾಜು

ಥರ್ಮಲ್ ಕ್ಯಾಮೆರಾದ ಮುಂದೆ ಕಿಟಕಿ ಗಾಜು ಹಿಡಿದರೆ ಅದು ಗೋಡೆಯೇ ಸರಿ. ಆಚೆ ನಿಂತ ಮನುಷ್ಯ ಕಾಣುವುದೇ ಇಲ್ಲ. ನಮ್ಮ ಮೈಯಿಂದ ಹೊರಡುವ ಅವಗೆಂಪು (ಇನ್‌ಫ್ರಾರೆಡ್) ಕಿರಣ ಜಾಸ್ತಿ ಇರುವುದು 10 ಮೈಕ್ರಾನ್ ಅಲೆಯುದ್ದದ ಆಸುಪಾಸಿನಲ್ಲಿ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮಾಮೂಲಿ ಗಾಜು 4 ಮೈಕ್ರಾನ್ ದಾಟಿದ ಮೇಲೆ ಹೆಚ್ಚುಕಡಿಮೆ ಎಲ್ಲವನ್ನೂ ನುಂಗಿಬಿಡುತ್ತದೆ. ಅದರ ಬದಲು ಆರ್ಸೆನಿಕ್, ಸೆಲೆನಿಯಂ ಬೆರೆಸಿ ಮಾಡಿದ ಬಿಲ್ಲೆ ಹಿಡಿಯಿರಿ. ಕಣ್ಣಿಗೆ ಅದು ಕಪ್ಪು, ಕ್ಯಾಮೆರಾಕ್ಕೆ ಮಾತ್ರ ಆಚೆಯ ಮನುಷ್ಯ ಮತ್ತೆ ಕಾಣುತ್ತಾನೆ.

ಇದೇ ಚಾಲ್ಕೊಜಿನೈಡ್ ಗಾಜು. ಮಾಮೂಲಿ ಗಾಜಿನಲ್ಲಿ ಆಮ್ಲಜನಕ ಇರುವ ಕಡೆ ಇಲ್ಲಿ ಗಂಧಕ, ಸೆಲೆನಿಯಂ ಅಥವಾ ಟೆಲ್ಯೂರಿಯಂ ಇರುತ್ತದೆ. ಈ ಪರಮಾಣುಗಳು ಭಾರ, ಹಿಡಿತ ಸಡಿಲ. ಹಾಗಾಗಿ ನಿಧಾನಕ್ಕೆ ಅಲುಗುತ್ತವೆ, ಬೆಳಕನ್ನು ನುಂಗುವ ಜಾಗವೂ ಉದ್ದ ಅಲೆಗಳ ಕಡೆಗೆ ಅಷ್ಟು ದೂರ ಸರಿಯುತ್ತದೆ. ಟೆಲ್ಯೂರಿಯಂ ಗಾಜು 20 ಮೈಕ್ರಾನ್ ತನಕವೂ ಬೆಳಕನ್ನು ಹಾಯಲು ಬಿಡುತ್ತದೆ.

ಆರ್ಸೆನಿಕ್-ಗಂಧಕದ ಗಾಜು ಅವಗೆಂಪನ್ನು ಹಾಯಲು ಬಿಡುತ್ತದೆ ಅಂತ ವಿಜ್ಞಾನಿ ಷುಲ್ಟ್ಸ್-ಸೆಲಾಕ್ 1870ರಲ್ಲೇ ಬರೆದಿದ್ದರು. ಆಮೇಲೆ ಎಂಬತ್ತು ವರ್ಷ ಅದು ಮೂಲೆಯಲ್ಲೇ ಇತ್ತು. 1950ರಲ್ಲಿ ಫ್ರೆರಿಕ್ಸ್ ಮತ್ತೆ ಎತ್ತಿಕೊಂಡರು, 1955ರಲ್ಲಿ ಲೆನಿನ್‌ಗ್ರಾಡ್‌ನ ಗೊರ್ಯುನೋವಾ, ಕೊಲೊಮಿಯೆಟ್ಸ್ ಇದು ಅರೆವಾಹಕವೂ ಹೌದು ಎಂದರು, 1965ರ ಹೊತ್ತಿಗೆ ನರಿಂದರ್ ಸಿಂಗ್ ಕಪಾನಿ ಇದರಿಂದ ಬೆಳಕು ಸಾಗಿಸುವ ಫೈಬರ್ ಎಳೆದಿದ್ದರು, 1968ರಲ್ಲಿ ಓವ್ಶಿನ್ಸ್ಕಿ ಇಂಥ ಗಾಜಿನಲ್ಲೇ ತೋರಿಸಿದ ವಿದ್ಯುತ್ ಸ್ವಿಚ್ಚಿನಿಂದ ಎಲ್ಲರ ಕಣ್ಣು ಕಂಪ್ಯೂಟರ್ ಮೆಮೊರಿಯ ಕಡೆ ಹೊರಳಿತು. ಮತ್ತೆ ಮತ್ತೆ ಅಳಿಸಿ ಬರೆಯುವ ಡಿವಿಡಿ ಬಂದಿದ್ದು ಆ ದಾರಿಯಲ್ಲೇ.

ಆದರೆ ಅವಗೆಂಪಿನ ಕಥೆ ಇರುವುದು ಕುಲುಮೆಯ ಹತ್ತಿರ. ಆರ್ಸೆನಿಕ್, ಸೆಲೆನಿಯಂ ಎರಡನ್ನೂ ಕ್ವಾರ್ಟ್ಜ್ ಕೊಳವೆಗೆ ಹಾಕಿ, ಗಾಳಿ ಪೂರ್ತಿ ಎಳೆದು, ಬಾಯಿ ಕರಗಿಸಿ ಮುಚ್ಚಬೇಕು. ಆಮ್ಲಜನಕವನ್ನು ಕಚ್ಚಿಕೊಳ್ಳಲಿ ಅಂತ ಒಂದು ಚೂರು ಮೆಗ್ನೀಸಿಯಂ ಹಾಕುತ್ತಾರೆ. ಆಮೇಲೆ ಭಟ್ಟಿ ಇಳಿಸುವುದು. ಅದಾದ ಮೇಲೆ ತೊಟ್ಟಿಲಿನ ಹಾಗೆ ತೂಗುವ ಕುಲುಮೆಯಲ್ಲಿ ಗಂಟೆಗಟ್ಟಲೆ ಕರಗಿಸಿ ಬೆರೆಸಬೇಕು. ಅವಸರಪಟ್ಟು ಬಿಸಿ ಏರಿಸಿದರೆ ಒಳಗಿನ ಆವಿಯ ಒತ್ತಡಕ್ಕೆ ಕೊಳವೆಯೇ ಒಡೆಯುತ್ತದೆ, ಒಳಗಿರುವುದು ಆರ್ಸೆನಿಕ್ ಬೇರೆ. ಇಷ್ಟೆಲ್ಲಾ ಮಾಡಿಯೂ ಹತ್ತು ಲಕ್ಷದಲ್ಲಿ ಕೆಲವೇ ಪಾಲು ಹೈಡ್ರೋಜನ್ ಉಳಿದರೆ, ಮೀಟರುಗಟ್ಟಲೆ ಉದ್ದದ ಫೈಬರ್‌ನಲ್ಲಿ 4.5 ಮೈಕ್ರಾನ್ ಹತ್ತಿರ ಕಪ್ಪು ಕಲೆ ಬೀಳುತ್ತದೆ, ಅಂದರೆ ಅಲ್ಲಿನ ಬೆಳಕನ್ನು ಹೈಡ್ರೋಜನ್ ನುಂಗುತ್ತದೆ. ನನ್ನ ಪ್ರಕಾರ ಈ ಗಾಜು ತಡವಾಗಿದ್ದಕ್ಕೆ ದೊಡ್ಡ ಕಾರಣ ಇದೇ. ಹೊಸ ಉಪಯೋಗ ಹುಡುಕಿದವರಿಗೆ ಸಿಕ್ಕಿದ ಗಮನ, ಕೊಳವೆ ತೊಳೆಯುತ್ತಾ ಕೂತವರಿಗೆ ಸಿಗಲಿಲ್ಲ.

ಇನ್ನೊಂದು ಕಾರಣ ಜರ್ಮೇನಿಯಂ ಎಂಬ ಮೂಲವಸ್ತು. ಅವಗೆಂಪು ಲೆನ್ಸ್ ಅಂದರೆ ಅದೇ ಅಂತಾಗಿತ್ತು. ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಮಂಕಾಗುತ್ತದೆ, ಒಂದೊಂದೇ ಲೆನ್ಸನ್ನು ವಜ್ರದ ಉಳಿಯಲ್ಲಿ ಕಡೆಯಬೇಕು. ಈ ಗಾಜನ್ನಾದರೆ ಬಿಸಿ ಮಾಡಿ ಅಚ್ಚಿಗೆ ಒತ್ತಿದರೆ ಸಾಕು. 2023ರ ಆಗಸ್ಟ್‌ನಿಂದ ಚೀನಾ ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಅದರ ಬದಲು ಈ ಗಾಜು ಎಂಬ ಮಾತು ಇನ್ನಷ್ಟು ಜೋರಾಗಿದೆ. ಆದರೆ ಚಾಲ್ಕೊಜಿನೈಡ್ ಗಾಜುಗಳಲ್ಲೂ ಕೆಲವಕ್ಕೆ ಜರ್ಮೇನಿಯಂ ಬೇಕೇ ಬೇಕು, ಅದನ್ನು ಮರೆಯಬಾರದು ಅಲ್ವಾ?

2014ರಲ್ಲಿ ಇಂಥ ಫೈಬರ್ ಒಂದರಲ್ಲಿ ಲೇಸರ್ ಬೆಳಕನ್ನು 1.4ರಿಂದ 13.3 ಮೈಕ್ರಾನ್ ತನಕ ಹರಡಿ ತೋರಿಸಿದರು. ಬಹಳಷ್ಟು ಅನಿಲಗಳು ತಮ್ಮದೇ ಅಲೆಯುದ್ದದ ಬೆಳಕನ್ನು ನುಂಗಿ ಗುರುತು ಕೊಡುವುದು ಈ ವ್ಯಾಪ್ತಿಯಲ್ಲೇ. ಕಾರ್ಬನ್ ಡೈಆಕ್ಸೈಡ್‌ನ ಗುರುತು 4.26 ಮೈಕ್ರಾನ್‌ಗೆ. ಕಲೆಗಳು ಬೀಳುವುದೂ ಅದರ ಅಕ್ಕಪಕ್ಕದಲ್ಲೇ. ಗಂಧಕದ ಗಾಜಿನಲ್ಲಿ ಹೈಡ್ರೋಜನ್ ಕಲೆ ಬೀಳುವುದು 4.0ಕ್ಕೆ, ಸೆಲೆನಿಯಂ ಗಾಜಿನಲ್ಲಿ 4.5ಕ್ಕೆ. ಅಲ್ಲಿಗೆ ಮತ್ತೆ ಅದೇ ಕೊಳವೆ, ಅದೇ ಕುಲುಮೆ.